ಖಾನಾವಳಿಯ ತಾಟಿನಲ್ಲಿ ತೈವಾನ್

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಈ ನಾಲ್ಕರಲ್ಲಿ ಯಾವ ಊರಿನ ಬಸ್ ನಿಲ್ದಾಣದಲ್ಲಿ ಇಳಿದರೂ ಹಸಿದವರು ಹೆಚ್ಚು ದೂರ ನಡೆಯಬೇಕಾಗಿಲ್ಲ. ಎದುರಿನ ರಸ್ತೆಯಲ್ಲೋ ಹಿಂದಿನ ಓಣಿಯಲ್ಲೋ ಒಂದು ಖಾನಾವಳಿ ಇದ್ದೇ ಇರುತ್ತದೆ. ತಗಡಿನ ಬೋರ್ಡು, ಗೋಡೆಗೆ ಬಸವಣ್ಣನವರದೋ ಗವಿಸಿದ್ಧೇಶ್ವರರದೋ ಫೋಟೋ, ಉದ್ದನೆಯ ಬೆಂಚು, ಒಳಗಿನಿಂದ ಟಪಟಪ ರೊಟ್ಟಿ ಬಡಿಯುವ ಸದ್ದು. ಕುಳಿತ ಕೂಡಲೇ ತಾಟು ಬರುತ್ತದೆ. ಎರಡು ಬಿಸಿ ರೊಟ್ಟಿ, ಎಣ್ಣೆಗಾಯಿ, ಒಂದು ಕಾಳಿನ ಪಲ್ಯ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ, ಒಂದಿಷ್ಟು ಮೊಸರು. ರೊಟ್ಟಿ ಮುಗಿಯುವುದರೊಳಗೆ "ಇನ್ನೊಂದು ಹಾಕ್ಲೇನ್ರೀ ಅಕ್ಕಾರ?" ಎಂದು ಕೇಳುತ್ತಾರೆ. ಸಾಕು ಎಂದ ಮೇಲೆ ಕೊನೆಗೆ ಬರುವುದು ಅನ್ನ, ಸಾರು, ಮಜ್ಜಿಗೆ. ಇಷ್ಟಕ್ಕೆ ನೂರು ರೂಪಾಯಿಯ ಆಸುಪಾಸು. ಇದಕ್ಕಿಂತ ಅಗ್ಗದಲ್ಲಿ, ಇದಕ್ಕಿಂತ ಮರ್ಯಾದೆಯಿಂದ ಊಟ ಹಾಕುವ ಜಾಗ ನನಗೆ ಗೊತ್ತಿಲ್ಲ.

ಈ ತಾಟಿನ ಮೇಲೆ ನಾನು ಇತಿಹಾಸದ ಒಂದು ಪಾಠವನ್ನೇ ಮಾಡಬಲ್ಲೆ. ಮೆಣಸಿನಕಾಯಿ, ಶೇಂಗಾ ಎರಡೂ ಅಮೆರಿಕ ಖಂಡದವು, ಪೋರ್ಚುಗೀಸರ ಕಾಲದಲ್ಲಿ ಬಂದವು. ಜೋಳ ಆಫ್ರಿಕದಲ್ಲಿ ಹುಟ್ಟಿ ಸಾವಿರಾರು ವರ್ಷಗಳ ಹಿಂದೆಯೇ ನಮ್ಮಲ್ಲಿಗೆ ಬಂದು ನಮ್ಮದೇ ಆಗಿಬಿಟ್ಟದ್ದು. ಬದನೆಕಾಯಿ ಮಾತ್ರ ಇಲ್ಲಿಯದು. ಇವೆಲ್ಲ ಶಾಲೆಯ ಮಕ್ಕಳಿಗೂ ಈಗ ಗೊತ್ತು. ಆದರೆ ಕೊನೆಗೆ ಬರುವ ಆ ಬಿಳಿ ಅನ್ನದ ಮೂಲ ಕೇಳಿದರೆ ಹಿರಿಯರೂ ತಡವರಿಸುತ್ತಾರೆ. "ಗಂಗಾವತಿ ಅಕ್ಕಿರೀ, ಸೋನಾ ಮಸೂರಿ, ಮತ್ತೇನು?" ಎನ್ನುತ್ತಾರೆ. ಆ ಗಂಗಾವತಿ ಅಕ್ಕಿಯ ವಂಶಾವಳಿ ಹಿಡಿದು ಹೊರಟರೆ, ನಮ್ಮ ಖಾನಾವಳಿಯ ತಾಟು ಪೂರ್ವ ಸಮುದ್ರದ ಒಂದು ಸಣ್ಣ ದ್ವೀಪದವರೆಗೆ ಹೋಗಿ ಮುಟ್ಟುತ್ತದೆ. ಆ ದ್ವೀಪ ತೈವಾನ್.

ಮೊದಲು ಖಾನಾವಳಿಯ ಮಾತನ್ನೇ ಮುಗಿಸುತ್ತೇನೆ. ಈ ಮಾತು ಮರಾಠಿಯ 'ಖಾನಾವಳ'ದಿಂದ ನಮ್ಮಲ್ಲಿಗೆ ಬಂತು. ಮುಂಬಯಿಯ ಬಟ್ಟೆ ಗಿರಣಿಗಳಿಗೆ ಹಳ್ಳಿಗಳಿಂದ ಗಂಡಸರು ಒಂಟಿಯಾಗಿ ದುಡಿಯಲು ಹೋದಾಗ, ಅಲ್ಲಿನ ಚಾಳುಗಳ ಹೆಣ್ಣುಮಕ್ಕಳು ತಿಂಗಳ ಲೆಕ್ಕದಲ್ಲಿ ಅವರಿಗೆ ಊಟ ಹಾಕಲು ತೊಡಗಿದರು. ಗಿರಣಿಯವನ ಪಗಾರ ತಿಂಗಳಿಗೊಮ್ಮೆ; ಆದರೆ ಜೋಳ, ಎಣ್ಣೆ, ಕಟ್ಟಿಗೆ ದಿನವೂ ಬೇಕು. ಆ ನಡುವಿನ ದಿನಗಳಿಗೆ ಬಡ್ಡಿ ಸಾಲ. 1975ರಲ್ಲಿ ಪ್ರೇಮಾ ಪುರವ್ ಎಂಬ ಹೋರಾಟಗಾರ್ತಿ ಈ ಹೆಂಗಸರನ್ನು ಕೂಡಿಸಿ ಅನ್ನಪೂರ್ಣಾ ಮಹಿಳಾ ಮಂಡಲ ಕಟ್ಟಿದರು, ಬ್ಯಾಂಕಿನಿಂದ ಸಾಲ ಕೊಡಿಸಿದರು. ಅನ್ನ ಬೇಯಿಸುವುದೂ ಒಂದು ಉದ್ಯೋಗ, ಅದಕ್ಕೂ ಬ್ಯಾಂಕಿನಲ್ಲಿ ಬೆಲೆ ಇದೆ ಎಂದು ಆಗ ಹಲವರಿಗೆ ಮೊದಲ ಸಲ ತಿಳಿಯಿತು.

ನಮ್ಮ ಕಡೆಯ ಖಾನಾವಳಿಗಳೂ ಹೆಚ್ಚಾಗಿ ಇಂಥವೇ. ಬೋರ್ಡಿನ ಮೇಲೆ ದೇವರ ಹೆಸರು, ಗಲ್ಲೆಯ ಮೇಲೆ ಗಂಡಸು, ಒಲೆಯ ಮುಂದೆ ಹೆಂಗಸು. ಗಂಡ ತೀರಿಕೊಂಡವರು, ಗಂಡ ಬಿಟ್ಟುಹೋದವರು, ಮಳೆ ಕೈಕೊಟ್ಟು ಹೊಲ ಬೀಳುಬಿಟ್ಟವರು, ಕೈಯಲ್ಲಿದ್ದ ಒಂದೇ ವಿದ್ಯೆಯನ್ನು ಬಂಡವಾಳ ಮಾಡಿಕೊಂಡರು. ಆ ವಿದ್ಯೆ ರೊಟ್ಟಿ ಬಡಿಯುವುದು. ನಾನು ಹೊಸದಾಗಿ ನೌಕರಿಗೆ ಸೇರಿ ಕುಷ್ಟಗಿಯಲ್ಲಿ ಖೋಲಿ ಹಿಡಿದಾಗ, ಒಂಟಿ ಹೆಣ್ಣುಮಗಳು ಹೋಗಿ ಬೆಂಚಿನ ಮೇಲೆ ಕುಳಿತು ಉಣ್ಣುವುದು ನೋಡುವವರ ಕಣ್ಣಿಗೆ ಚೆನ್ನಾಗಿ ಕಾಣುತ್ತಿರಲಿಲ್ಲ. ದೊಡ್ಡ ಹೋಟೆಲುಗಳಲ್ಲಿ 'ಫ್ಯಾಮಿಲಿ ರೂಮು' ಎಂದು ಪರದೆ ಕಟ್ಟಿದ ಮೂಲೆಗಳಿರುತ್ತಿದ್ದವು, ಅಲ್ಲಿಯೂ ಜೊತೆಗೆ ಗಂಡಸಿರಬೇಕು. ನಾನು ಖಾನಾವಳಿಯಿಂದ ಡಬ್ಬಿ ತರಿಸಿಕೊಳ್ಳುತ್ತಿದ್ದೆ. ಕೆಲವು ತಿಂಗಳ ಮೇಲೆ ಒಳಗಿನ ಒಲೆಯ ಬಳಿಯೇ ಮಣೆ ಹಾಕಿ ಕೂಡಿಸತೊಡಗಿದರು. ಇಂದು ಕಾಲೇಜಿನ ಹುಡುಗಿಯರು ನಾಲ್ವರು ಕೂಡಿ ಬಂದು ಬೆಂಚಿನ ಮೇಲೆ ಕುಳಿತು ನಗುತ್ತ ಉಣ್ಣುವುದನ್ನು ಕಂಡರೆ ನನಗೆ ಹಿಗ್ಗು. ಅಗ್ಗದ ಊಟದ ಜಾಗ ಹೆಣ್ಣಿಗೆ ತೆರೆದುಕೊಳ್ಳುವುದು ಸಣ್ಣ ಸಂಗತಿಯಲ್ಲ.

ಆ ಹುಡುಗಿಯರಿಗೆ ಸಂಜೆಯ ಇನ್ನೊಂದು ಜಾಗವೂ ಇದೆ. ಗಂಗಾವತಿಯ ಯಾವ ಸರ್ಕಲ್ಲಿಗೆ ಹೋದರೂ 'ಚೈನೀಸ್ ಫಾಸ್ಟ್ ಫುಡ್' ಎಂದು ಕೆಂಪು ಅಕ್ಷರದಲ್ಲಿ ಬರೆದ ತಳ್ಳುಗಾಡಿ ಕಾಣುತ್ತದೆ. ಗೋಬಿ ಮಂಚೂರಿ, ಎಗ್ ರೈಸ್, ನೂಡಲ್ಸ್. ಚೀನಾದವರು ನೋಡಿದರೆ ತಮ್ಮದೆಂದು ಗುರುತೇ ಹಿಡಿಯಲಾರರು. ಕಲಕತ್ತೆಯಲ್ಲಿ ಹುಟ್ಟಿದ, ಚೀನೀ ಮನೆತನದ ನೆಲ್ಸನ್ ವಾಂಗ್ ಎಂಬ ಅಡುಗೆಯವರು 1975ರಲ್ಲಿ ಮುಂಬಯಿಯ ಕ್ರಿಕೆಟ್ ಕ್ಲಬ್ಬಿನಲ್ಲಿ ಹಸಿ ಮೆಣಸಿನಕಾಯಿ, ಶುಂಠಿ, ಬೆಳ್ಳುಳ್ಳಿಗೆ ಸೋಯಾ ಸಾಸ್ ಕೂಡಿಸಿ ಕೋಳಿ ಮಂಚೂರಿ ಮಾಡಿದರೆಂಬುದು ಪ್ರಸಿದ್ಧ ಕಥೆ. ಕೋಳಿಯ ಜಾಗಕ್ಕೆ ಹೂಕೋಸು ಬಂದು ಗೋಬಿ ಆಯಿತು. 2024ರ ಮಾರ್ಚಿಯಲ್ಲಿ ಕರ್ನಾಟಕ ಸರಕಾರ ಗೋಬಿಗೆ ಕೃತಕ ಬಣ್ಣ ಹಾಕಬಾರದೆಂದು ನಿಷೇಧ ಹೊರಡಿಸಿತು. ಕೆಂಪು ಇಳಿದರೂ ಗಿರಾಕಿ ಇಳಿಯಲಿಲ್ಲ. ಅಂತೂ ಬೋರ್ಡಿನ ಮೇಲೆ ಚೀನಾ ಇದೆ, ಬಾಣಲಿಯಲ್ಲಿ ಮುಂಬಯಿ ಇದೆ. ಖಾನಾವಳಿಯ ಬೋರ್ಡಿನ ಮೇಲಾದರೋ ನಮ್ಮ ದೇವರ ಹೆಸರಿದೆ, ಅನ್ನದ ಬೋಗುಣಿಯಲ್ಲಿ ತೈವಾನಿದೆ.

ಅದು ಹೇಗೆಂದು ತಿಳಿಯಲು ತೈವಾನಿನ ಊಟವನ್ನೂ ಸ್ವಲ್ಪ ನೋಡಬೇಕು. ಕರ್ನಾಟಕದ ಐದನೆಯ ಒಂದು ಪಾಲೂ ಇಲ್ಲದ ದೇಶ ಅದು, ಜನ ಎರಡೂಕಾಲು ಕೋಟಿಯ ಮೇಲೆ. ಅಲ್ಲಿಯ ಪೇಟೆಗಳಲ್ಲೂ ನಮ್ಮ ಖಾನಾವಳಿಯಂಥ ಸಣ್ಣ ಅಂಗಡಿಗಳೇ ಜನರ ಹೊಟ್ಟೆ ತುಂಬಿಸುವುದು. 'ಲು ರೌ ಫಾನ್' ಎಂಬುದು ಅಲ್ಲಿನ ದುಡಿಯುವವರ ಬಟ್ಟಲು: ಬಿಸಿ ಅನ್ನದ ಮೇಲೆ ಸೋಯಾ ರಸದಲ್ಲಿ ನಿಧಾನವಾಗಿ ಬೇಯಿಸಿದ ಹಂದಿ ಮಾಂಸದ ಸಣ್ಣ ತುಂಡುಗಳು. 'ಫಾನ್' ಎಂದರೆ ಅನ್ನವೇ. ರೈಲಿನಲ್ಲಿ ಹೋಗುವವರಿಗೆ 'ಬಿಯೆನ್‌ದಾಂಗ್' ಎಂಬ ಊಟದ ಪೆಟ್ಟಿಗೆ. ಇದು ಜಪಾನೀಯರ ಬೆಂತೋ ಎಂಬ ಬುತ್ತಿಯಿಂದ ಬಂದದ್ದು. 1949ರಲ್ಲಿ ಚೀನಾದಿಂದ ಸೋತು ಓಡಿಬಂದ ಸೈನಿಕರ ಜೊತೆ ಗೋಧಿ ಶ್ಯಾವಿಗೆಯ ಸಾರು ಬಂತು. ಬೌದ್ಧರು ನಡೆಸುವ ಸಸ್ಯಾಹಾರದ ಅಂಗಡಿಗಳೂ ಊರೂರಿಗೆ ಇವೆ. ಅಲ್ಲಿ ಬೇಕಾದ ಪಲ್ಯಗಳನ್ನು ತಾವೇ ಹಾಕಿಕೊಂಡು, ತೂಕ ಮಾಡಿಸಿ, ದುಡ್ಡು ಕೊಟ್ಟು ಕೂತು ಉಣ್ಣುತ್ತಾರೆ. ನಮ್ಮ ಕಡೆಯ ಮಾಂಸ ತಿನ್ನದ ಹೆಣ್ಣುಮಕ್ಕಳು ಹೋದರೂ ಉಪವಾಸ ಬೀಳುವುದಿಲ್ಲ.

ಆದರೆ ಆ ಅನ್ನ ಅಲ್ಲಿನವರಿಗೇ ಸುಲಭವಾಗಿ ಸಿಕ್ಕಿದ್ದಲ್ಲ. 1895ರಿಂದ 1945ರವರೆಗೆ ತೈವಾನ್ ಜಪಾನಿನ ವಸಾಹತು. 1918ರಲ್ಲಿ ಜಪಾನಿನಲ್ಲಿ ಅಕ್ಕಿಯ ಬೆಲೆ ಏರಿ ದೊಡ್ಡ ದಂಗೆಗಳಾದವು. ತಮ್ಮ ಜನರ ಹೊಟ್ಟೆಗೆ ವಸಾಹತಿನಿಂದ ಅಕ್ಕಿ ತರಿಸಬೇಕೆಂದು ಅಲ್ಲಿನ ಸರಕಾರ ನಿರ್ಧರಿಸಿತು. ತೈವಾನಿನ ಉದ್ದನೆಯ ಅಕ್ಕಿ ಜಪಾನೀಯರ ಬಾಯಿಗೆ ರುಚಿಸದು, ಅವರಿಗೆ ದುಂಡನೆಯ, ಅಂಟುವ ಅಕ್ಕಿ ಬೇಕು. ಇಸೊ ಎಯ್ಕಿಚಿ, ಸುಯೆನಾಗ ಮೆಗುಮು ಎಂಬ ವಿಜ್ಞಾನಿಗಳು ಜಪಾನಿನ ತಳಿಗಳನ್ನು ತೈವಾನಿನ ಬಿಸಿಲಿಗೆ ಒಗ್ಗಿಸಿದರು. 1920ರ ದಶಕದಲ್ಲಿ ತೈಚುಂಗ್ ಎಂಬ ಊರಿನಲ್ಲಿ ಹೊರಬಂದ 'ತೈಚುಂಗ್ 65' ಎಂಬ ಭತ್ತ ಅವುಗಳಲ್ಲಿ ಹೆಸರಾಯಿತು. ಅಕ್ಕಿ ಹಡಗು ಹತ್ತಿ ಜಪಾನಿಗೆ ಹೋಯಿತು. ಅದನ್ನು ಬೆಳೆದ ತೈವಾನಿನ ಬಡ ರೈತರ ಮನೆಯಲ್ಲಿ ಗೆಣಸು ಬೇಯುತ್ತಿತ್ತು. ಅನ್ನ ಮಾಡಿದ ದಿನವೂ ಅದರಲ್ಲಿ ಗೆಣಸಿನ ಹೋಳುಗಳೇ ಹೆಚ್ಚು.

ಬೆಳೆದವರು ಒಂದು ಉಣ್ಣುವುದು, ಮಾರಿದ್ದು ಇನ್ನೊಂದು ಎಂಬುದು ನಮಗೂ ಹೊಸದಲ್ಲ. ನಮ್ಮ ಅವ್ವನ ತವರು ಯಲಬುರ್ಗಾ ತಾಲ್ಲೂಕಿನ ಎರೆಹೊಲದ ಹಳ್ಳಿ. ಆಕೆಯ ಬಾಲ್ಯದಲ್ಲಿ ಅನ್ನವೆಂದರೆ ನೆಲ್ಲಕ್ಕಿಯ ಅನ್ನವಲ್ಲ, ನವಣಕ್ಕಿಯ ಅನ್ನ. ನೆಲ್ಲಕ್ಕಿ ಹಬ್ಬಕ್ಕೆ, ಬೀಗರು ಬಂದಾಗ, ಜ್ವರ ಬಂದವರಿಗೆ ಗಂಜಿ ಮಾಡಲು. ಒಂದು ಸೇರು ಅಕ್ಕಿ ಗಡಿಗೆಯಲ್ಲಿ ತಿಂಗಳುಗಟ್ಟಲೆ ಇರುತ್ತಿತ್ತಂತೆ. ನಸುಕಿನಲ್ಲಿ ಎದ್ದು ಬೀಸುಕಲ್ಲಿನ ಮುಂದೆ ಕೂತು ಜೋಳ ಬೀಸಿ, ಆಮೇಲೆ ಹತ್ತು ಮಂದಿಗೆ ರೊಟ್ಟಿ ಬಡಿದು, ಬುತ್ತಿ ಹೊತ್ತು ಹೊಲಕ್ಕೆ ಹೋಗುವುದು ಮನೆಯ ಸೊಸೆಯ ದಿನಚರಿ. ರೊಟ್ಟಿಯ ಗುಣಗಾನ ಮಾಡುವವರು ಆ ರಟ್ಟೆಗಳನ್ನೂ ನೆನೆಯಬೇಕು.

ತೈವಾನ್ ನಮ್ಮ ಕಡೆ ಬಂದದ್ದು ದೇಶವೇ ಹಸಿದಿದ್ದ ಹೊತ್ತಿನಲ್ಲಿ. 1965, 66ರಲ್ಲಿ ಮಳೆ ಎರಡು ವರ್ಷ ಸತತವಾಗಿ ಕೈಕೊಟ್ಟಿತ್ತು. ಅಮೆರಿಕದ ಗೋಧಿಯ ಹಡಗಿಗಾಗಿ ಕಾಯಬೇಕಿತ್ತು. ವಾರಕ್ಕೊಂದು ಹೊತ್ತಿನ ಊಟ ಬಿಡಿರೆಂದು ಪ್ರಧಾನಿ ಲಾಲ್‌ಬಹಾದ್ದೂರ್ ಶಾಸ್ತ್ರಿ ಕೇಳಿಕೊಂಡಾಗ ಸೋಮವಾರ ಸಂಜೆ ಎಷ್ಟೋ ಊರುಗಳಲ್ಲಿ ಹೋಟೆಲುಗಳೇ ಬಾಗಿಲು ಹಾಕಿದವು. ನಮ್ಮ ಹಳೆಯ ಭತ್ತದ ತಳಿಗಳಿಗೆ ಒಂದು ತೊಂದರೆ ಇತ್ತು. ಅವು ಎದೆಯೆತ್ತರ ಬೆಳೆಯುವಂಥವು. ಗೊಬ್ಬರ ಹೆಚ್ಚು ಹಾಕಿದರೆ ಇನ್ನೂ ಎತ್ತರಕ್ಕೆ ಹೋಗಿ, ತೆನೆಯ ಭಾರಕ್ಕೆ ನೆಲಕ್ಕೆ ಮಲಗಿಬಿಡುತ್ತಿದ್ದವು. ಗಿಡ್ಡ ಗಿಡ ಬೇಕಿತ್ತು. ಅದು ತೈವಾನಿನಲ್ಲಿತ್ತು.

ಅದರ ಹೆಸರು 'ಡೀ-ಜಿಯೊ-ವೂ-ಜೆನ್'. ಗಿಡ್ಡ ಕಾಲಿನ, ಕಪ್ಪು ಮೂತಿಯ ಭತ್ತ ಎಂದು ಅರ್ಥ. ಅಲ್ಲಿನ ರೈತರೇ ಇಟ್ಟುಕೊಂಡು ಬಂದಿದ್ದ ಬೀಜ. ಇದನ್ನು ಎತ್ತರದ ಇನ್ನೊಂದು ಸ್ಥಳೀಯ ಭತ್ತಕ್ಕೆ ಕೂಡಿಸಿ 1956ರಲ್ಲಿ ತೈಚುಂಗ್ ಕೇಂದ್ರದವರು ಬಿಡುಗಡೆ ಮಾಡಿದ ತಳಿ 'ತೈಚುಂಗ್ ನೇಟಿವ್ 1'. ನೇಟಿವ್ ಎಂದರೆ ದೇಸಿ. ತೈವಾನಿನ ದೇಸಿ 1964-65ರ ಹೊತ್ತಿಗೆ ನಮಗೆ ವಿದೇಶಿಯಾಗಿ ಬಂತು. ಫಿಲಿಪ್ಪೀನ್ಸಿನಲ್ಲಿ 1966ರಲ್ಲಿ ಹೊರಬಂದ, ಲೋಕವೆಲ್ಲ ಹೊಗಳಿದ ಐಆರ್ 8 ಭತ್ತದ ಅಪ್ಪನೂ ಇದೇ ಗಿಡ್ಡ ಕಾಲಿನವನೇ. ಹೈದರಾಬಾದಿನಲ್ಲಿ 1965ರಲ್ಲಿ ಅಖಿಲ ಭಾರತ ಭತ್ತದ ಸಂಶೋಧನೆಯ ಯೋಜನೆ ಆರಂಭವಾಯಿತು, 1968ರಲ್ಲಿ ಅಲ್ಲಿಂದ 'ಜಯಾ' ತಳಿ ಬಂತು. ಅದಕ್ಕೂ ತೈಚುಂಗ್ ನೇಟಿವ್ ಒಂದು ಕಡೆಯ ಹಿರಿಯ.

ತೈವಾನಿನ ಭತ್ತ ಇಳುವರಿ ಕೊಟ್ಟಿತು, ಆದರೆ ಅಕ್ಕಿ ದಪ್ಪ. ಎಲೆಗೆ ಅಂಗಮಾರಿ ರೋಗ ಬೇರೆ. ದಪ್ಪ ಅಕ್ಕಿ ತಂದರೆ ನಮ್ಮ ಹೆಂಗಸರು ಮೂಗು ಮುರಿಯುತ್ತಾರೆ, ಇದನ್ನು ಯಾವ ವಿಜ್ಞಾನಿಯೂ ಮರೆಯುವಂತಿಲ್ಲ. ಆದ್ದರಿಂದ ಅದನ್ನು ಕೊಯಮತ್ತೂರಿನಲ್ಲಿ 1921ರಲ್ಲಿ ಆರಿಸಿ ಬಿಡುಗಡೆ ಮಾಡಿದ್ದ ಜಿಇಬಿ 24 ಎಂಬ ಸಣ್ಣಕ್ಕಿಯ ತಳಿಗೆ ಕೂಡಿಸಿದರು. ಹಾಗೆ ಹುಟ್ಟಿದ್ದು 'ಸೋನಾ'.

ಇನ್ನು 'ಮಸೂರಿ'. ಇದು ಮೈಸೂರಿನ ಮಾತೆಂದು ನಮ್ಮವರು ಎಷ್ಟೋ ಜನ ತಿಳಿದಿದ್ದಾರೆ. ಅಲ್ಲ, ಅದು 'ಮಹ್ಸೂರಿ'. ಒಡಿಶಾದ ಕಟಕ್‌ನಲ್ಲಿ 1946ರಲ್ಲಿ ಕೇಂದ್ರ ಭತ್ತ ಸಂಶೋಧನಾ ಸಂಸ್ಥೆ ಆರಂಭವಾಯಿತು. ಬಂಗಾಳದ 1943ರ ಬರಗಾಲದ ನೆನಪು ಆಗಿನ್ನೂ ಹಸಿಯಾಗಿತ್ತು. ವಿಶ್ವಸಂಸ್ಥೆಯ ಆಹಾರ ಸಂಘಟನೆಯ ಸಹಾಯದಿಂದ ಅಲ್ಲಿ ಜಪಾನಿನ ಜಾತಿಯ ಭತ್ತಕ್ಕೂ ನಮ್ಮ ಕಡೆಯ ಜಾತಿಯ ಭತ್ತಕ್ಕೂ ಮದುವೆ ಮಾಡಿಸುವ ದೊಡ್ಡ ಕೆಲಸ ನಡೆಯಿತು. ಹಾಗೆ ಕೂಡಿದ ಜೋಡಿಗಳಲ್ಲಿ ಒಂದು, ಮಲಯದ 'ಮಯಾಂಗ್ ಎಬೋಸ್' ಮತ್ತು ತೈವಾನಿನ ಅದೇ 'ತೈಚುಂಗ್ 65'. ಆ ಬೀಜ ಮಲೇಷ್ಯಾಕ್ಕೆ ಹೋಯಿತು, ಅಲ್ಲಿಯ ಗದ್ದೆಗಳಲ್ಲಿ ಆರಿಸಿ ಆರಿಸಿ 1965ರಲ್ಲಿ ಮಹ್ಸೂರಿ ಎಂದು ಹೆಸರಿಟ್ಟರು. ಮಲೇಷ್ಯಾದ ಲಂಕಾವಿ ದ್ವೀಪದ ಜನಪದ ಕಥೆಯ ಒಬ್ಬ ಹೆಣ್ಣುಮಗಳ ಹೆಸರೂ ಇದೇ. ಗಂಡ ಯುದ್ಧಕ್ಕೆ ಹೋಗಿದ್ದಾಗ ಅವಳ ಮೇಲೆ ಹಾದರದ ಸುಳ್ಳು ಆರೋಪ ಹೊರಿಸಿ ಕೊಂದರಂತೆ. ಅವಳ ಮೈಯಿಂದ ಬಿಳಿಯ ರಕ್ತ ಹರಿದು ನಿರಪರಾಧಿ ಎಂದು ಸಾರಿತಂತೆ. ಏಳು ತಲೆಮಾರು ಈ ನೆಲಕ್ಕೆ ಏಳಿಗೆ ಬೇಡವೆಂದು ಶಾಪ ಕೊಟ್ಟು ಸತ್ತಳಂತೆ. ನಮ್ಮ ಕಡೆಯ ಬೀಸುವ ಪದಗಳಿಗೂ ಇಂಥ ಹೆಣ್ಣುಗಳು ಹೊಸಬರಲ್ಲ.

ಸೋನಾ ಮತ್ತು ಮಹ್ಸೂರಿ ಕೂಡಿ ಸೋನಾ ಮಸೂರಿ. ಅದೇ ಮೂವರು ಹಿರಿಯರಿಂದ, ಆಂಧ್ರದ ಬಾಪಟ್ಲದಲ್ಲಿ 1986ರಲ್ಲಿ ಹೊರಬಂದದ್ದು ಸಾಂಬಾ ಮಹ್ಸೂರಿ, ನಮ್ಮ ರೈತರು ಬರೀ 'ಬಿಪಿಟಿ' ಎನ್ನುವ 5204. ಈಗ ಲೆಕ್ಕ ಹಾಕಿ ನೋಡಿ: ಒಂದು ಕಡೆ ತೈಚುಂಗ್ ನೇಟಿವ್, ಇನ್ನೊಂದು ಕಡೆ ತೈಚುಂಗ್ 65. ಗಂಗಾವತಿಯ ಅಕ್ಕಿಗೆ ತಂದೆಯ ಕಡೆಯಿಂದಲೂ ತಾಯಿಯ ಕಡೆಯಿಂದಲೂ ತೈವಾನಿನ ನೆಂಟಸ್ತಿಕೆ ಇದೆ. ತೈವಾನಿನ ಊಟ ಮಾಡಲು ಬೆಂಗಳೂರಿನ ದೊಡ್ಡ ಹೋಟೆಲನ್ನು ಹುಡುಕಿಕೊಂಡು ಹೋಗುವವರಿಗೆ ನಾನು ಹೇಳುವುದಿಷ್ಟೇ, ನಮ್ಮ ಖಾನಾವಳಿಯಲ್ಲಿ ಕೊನೆಯ ತುತ್ತನ್ನು ಸ್ವಲ್ಪ ಗಮನವಿಟ್ಟು ಉಣ್ಣಿ.

ಬೀಜ ಬಂದರೆ ಸಾಲದು, ನೀರು ಬೇಕು. ಅದಕ್ಕೆ ತುಂಗಭದ್ರೆ. ಆನೆಗೊಂದಿ, ಹುಲಿಗಿ, ಗಂಗಾವತಿಯ ನದಿ ದಂಡೆಯಲ್ಲಿ ವಿಜಯನಗರದ ಅರಸರು ತೆಗೆಸಿದ ಕಾಲುವೆಗಳಿಂದ ಹಿಂದಿನಿಂದಲೂ ನೆಲ್ಲು ಬೆಳೆಯುತ್ತಿತ್ತು. ಆದರೆ ಅದು ದಂಡೆಯ ಪಟ್ಟಿಯಲ್ಲಿ ಮಾತ್ರ. ಹೈದರಾಬಾದ್ ಸಂಸ್ಥಾನ ಮತ್ತು ಮದರಾಸು ಸರಕಾರ ಕೂಡಿ 1945ರ ಫೆಬ್ರವರಿಯಲ್ಲಿ ಅಣೆಕಟ್ಟಿಗೆ ಅಡಿಗಲ್ಲು ಹಾಕಿದವು. 1953ರ ಜುಲೈಯಲ್ಲಿ ಕಾಲುವೆಗೆ ನೀರು ಬಿಟ್ಟರು. ಮುನಿರಾಬಾದಿನಿಂದ ಹೊರಟ ಎಡದಂಡೆ ಕಾಲುವೆ 227 ಕಿಲೋಮೀಟರ್ ಹರಿದು ರಾಯಚೂರಿನ ಕಡೆಗೆ ಹೋಗುತ್ತದೆ. ಯೋಜನೆ ಮಾಡಿದವರ ಲೆಕ್ಕದಲ್ಲಿ ಇದು ಹೆಚ್ಚಾಗಿ ಜೋಳ, ಹತ್ತಿ, ಶೇಂಗಾದಂಥ ಅರೆ ನೀರಾವರಿ ಬೆಳೆಗಳ ನೀರು. ಆದರೆ ಎರೆಹೊಲವನ್ನು ಮಟ್ಟ ಮಾಡಿ ಮಡಿ ಕಟ್ಟಲು ದುಡ್ಡು ಬೇಕು, ನೀರಿನ ಬೇಸಾಯದ ಅನುಭವ ಬೇಕು. ಆಂಧ್ರದ ಕರಾವಳಿಯ ರೈತರು ಈ ಎರಡನ್ನೂ ತಂದರು. ಭೂಮಿ ಕೊಂಡು ಅಲ್ಲಲ್ಲಿ 'ಕ್ಯಾಂಪು' ಹಾಕಿಕೊಂಡರು. ಶ್ರೀರಾಮನಗರದಂಥ ಕ್ಯಾಂಪುಗಳು ಇಂದು ದೊಡ್ಡ ಊರುಗಳೇ ಆಗಿವೆ. ಅವರು ಬೆಳೆದದ್ದು ಭತ್ತ, ಅದಾದ ಮೇಲೆ ಮತ್ತೆ ಭತ್ತ. ನೋಡಿ ಕಲಿತ ನಮ್ಮವರೂ ಅದನ್ನೇ ಬೆಳೆದರು. ಗಂಗಾವತಿ, ಕಾರಟಗಿಗಳಲ್ಲಿ ಅಕ್ಕಿ ಗಿರಣಿಗಳ ಸಾಲು ಎದ್ದಿತು, ಗಂಗಾವತಿಗೆ 'ಭತ್ತದ ಕಣಜ' ಎಂಬ ಬಿರುದು ಬಂತು.

ಇಲ್ಲೊಂದು ಹೋಲಿಕೆ ನನ್ನನ್ನು ಕಾಡುತ್ತದೆ. ನಮ್ಮ ಕಾಲುವೆಗೆ ನೀರು ಬಂದ 1953ರಲ್ಲೇ ತೈವಾನಿನಲ್ಲಿ ಉಳುವವನಿಗೆ ಭೂಮಿ ಕೊಡುವ ಕಾನೂನು ಬಂತು. ಅಲ್ಲಿ ಬೀಜ ಸುಧಾರಿಸುವ ಹೊತ್ತಿಗೆ ಗೇಣಿದಾರನ ಕೈಗೆ ನೆಲವೂ ಬಂದಿತ್ತು. ನಮ್ಮಲ್ಲಿ ಭೂಸುಧಾರಣೆಯ ಗಟ್ಟಿ ಕಾನೂನು ಬಂದದ್ದು 1974ರಲ್ಲಿ. ಅಷ್ಟರೊಳಗೆ ಕಾಲುವೆಯ ಪಕ್ಕದ ಎಷ್ಟೋ ಸಣ್ಣ ಒಕ್ಕಲಿಗರು, ಬಂಡವಾಳವಿಲ್ಲದೆ, ನೀರು ಬಂದ ಹೊಲವನ್ನು ಮಾರಿ ಅದೇ ಹೊಲದಲ್ಲಿ ಕೂಲಿಗೆ ನಿಂತಿದ್ದರು. ತೈವಾನಿನಿಂದ ನಾವು ಬೀಜ ತಂದೆವು, ಆ ಕಾನೂನನ್ನು ಅದೇ ಹೊತ್ತಿಗೆ ತರಲಿಲ್ಲ.

ಕೂಲಿಯ ಮಾತು ಬಂದರೆ ಹೆಣ್ಣುಮಕ್ಕಳ ಮಾತು ಬರಲೇಬೇಕು. ಗಿಡ್ಡ ಭತ್ತ ನಮ್ಮ ಸೊಸೆಯಂದಿರನ್ನು ಬೀಸುಕಲ್ಲಿನಿಂದ ಒಂದಿಷ್ಟು ಬಿಡಿಸಿತು, ನಿಜ. ಹಿಟ್ಟಿನ ಗಿರಣಿ ಅರ್ಧ ಕೆಲಸ ಕಳೆದರೆ, ರಾತ್ರಿಯ ಅನ್ನ ಇನ್ನೊಂದಿಷ್ಟು ಕಳೆಯಿತು. ಕುಕ್ಕರಿಗೆ ಅಕ್ಕಿ ಹಾಕಿ ಮೂರು ಸೀಟಿ ಹೊಡೆಸಿದರೆ ಆಯಿತು, ನೌಕರಿಯಿಂದ ದಣಿದು ಬಂದವರಿಗೆ ಅದರ ಬೆಲೆ ಗೊತ್ತು. ಆದರೆ ಆ ಅಕ್ಕಿಯನ್ನು ನಾಟಿ ಮಾಡುವವರು ಯಾರು? ಮೊಣಕಾಲುದ್ದ ಕೆಸರಿನಲ್ಲಿ ದಿನವಿಡೀ ಬೆನ್ನು ಬಗ್ಗಿಸಿ ಸಸಿ ಹಚ್ಚುವ ಸಾಲುಗಳಲ್ಲಿ ಇರುವವರು ಹೆಂಗಸರು. ಕುಷ್ಟಗಿಯ ಮಸಾರಿ ಹೊಲ, ಯಲಬುರ್ಗಾದ ಎರೆಹೊಲಗಳಲ್ಲಿ ಮಳೆಯಿಲ್ಲದ ವರ್ಷ ಟ್ರ್ಯಾಕ್ಟರ್ ಹತ್ತಿ ಗಂಗಾವತಿಯ ಕಡೆ ನಾಟಿಗೆ ಬರುವವರಿದ್ದಾರೆ. ಎಕರೆಗಿಷ್ಟು ಎಂದು ಗುಂಪಾಗಿ ಗುತ್ತಿಗೆ ಹಿಡಿಯುತ್ತಾರೆ. ನಾಟಿಯ ದಿನಗಳಲ್ಲಿ ನನ್ನ ತರಗತಿಯ ಹುಡುಗಿಯರ ಹಾಜರಿ ಇಳಿಯುತ್ತಿತ್ತು. ಕೇಳಿದರೆ, "ತಮ್ಮನ್ನ ನೋಡ್ಕೋಬೇಕ್ರೀ ಟೀಚರ್, ಅವ್ವ ಸಸಿ ಹಚ್ಚಾಕ ಹೋಗ್ಯಾಳ" ಎನ್ನುತ್ತಿದ್ದರು. ಇತಿಹಾಸದ ಪಾಠದಲ್ಲಿ ಹಸಿರು ಕ್ರಾಂತಿಗೆ ಒಂದೂವರೆ ಪುಟವಿದೆ. ಆ ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡ ಹುಡುಗಿಗೆ ಅದರಲ್ಲಿ ಒಂದು ಸಾಲೂ ಇಲ್ಲ.

ಅದೇ ಹುಡುಗಿಯರನ್ನು ಶಾಲೆಗೆ ಮರಳಿ ತಂದದ್ದೂ ಅನ್ನವೇ. 2002ರಲ್ಲಿ ಅಕ್ಷರ ದಾಸೋಹದ ಬಿಸಿಯೂಟ ರಾಜ್ಯದಲ್ಲಿ ಮೊದಲು ಆರಂಭವಾದದ್ದು ನಮ್ಮ ಕೊಪ್ಪಳವೂ ಸೇರಿದ ಈಶಾನ್ಯದ ಜಿಲ್ಲೆಗಳಲ್ಲಿ. ಮಧ್ಯಾಹ್ನದ ಗಂಟೆ ಬಾರಿಸುವ ಮೊದಲೇ ಅನ್ನ ಸಾಂಬಾರಿನ ವಾಸನೆ ಕೊಠಡಿಗೆ ಬಂದಾಗ ಪಾಠ ನಿಲ್ಲಿಸಿಬಿಡಬೇಕು ಎನಿಸುತ್ತಿತ್ತು. ಎಲ್ಲ ಓಣಿಯ ಮಕ್ಕಳು ಒಂದೇ ಸಾಲಿನಲ್ಲಿ ಕುಳಿತು ಉಣ್ಣುವುದನ್ನು ಮೊದಮೊದಲು ಕೆಲವು ತಾಯಂದಿರು ಒಪ್ಪಲಿಲ್ಲ. ಮಕ್ಕಳು ತಾವೇ ಒಪ್ಪಿಕೊಂಡು ಉಂಡರು. 2013ರ ಜುಲೈಯಲ್ಲಿ ಅನ್ನಭಾಗ್ಯ ಬಂದ ಮೇಲೆ ಎರೆಹೊಲದ ಮನೆಗಳಲ್ಲೂ ಅನ್ನ ದಿನದ ಊಟವಾಯಿತು. ಅವ್ವನ ಗಡಿಗೆಯಲ್ಲಿ ಬೀಗರಿಗಾಗಿ ಕಾಯುತ್ತಿದ್ದ ಅಕ್ಕಿ ಈಗ ಚೀಲದಲ್ಲಿ ಮೂಲೆಗೆ ನಿಂತಿದೆ.

ನಮ್ಮ ಸ್ಟಾಫ್ ರೂಮಿನಲ್ಲಿ ಇದರ ಮೇಲೆ ಜಗಳವೇ ನಡೆಯುತ್ತದೆ. "ಅನ್ನ ನಮ್ಮ ಊಟವೇ ಅಲ್ಲ, ಜೋಳ ನವಣೆ ಬಿಟ್ಟು ಎಲ್ಲರೂ ಶುಗರ್ ತಂದುಕೊಂಡರು" ಎಂದು ಒಬ್ಬರು. "ರೊಟ್ಟಿ ಬಡಿಯೋರು ಯಾರು, ನೀವೇನ್ರೀ ಸರ್?" ಎಂದು ಇನ್ನೊಬ್ಬರು. ಇಬ್ಬರ ಮಾತಿನಲ್ಲೂ ಹುರುಳಿದೆ. ನವಣೆ, ಸಾಮೆಯ ಹೊಲಗಳು ಕಡಿಮೆಯಾದದ್ದು ನಿಜ. ಬಡವರ ನವಣೆ ಈಗ ಸಿರಿಧಾನ್ಯವಾಗಿ, ಅಂದದ ಪೊಟ್ಟಣದಲ್ಲಿ, ಸೋನಾ ಮಸೂರಿಗಿಂತ ಹೆಚ್ಚಿನ ಬೆಲೆಗೆ ಅಂಗಡಿಯಲ್ಲಿ ಕೂತಿದೆ. ಭತ್ತದ ಮೇಲೆ ಭತ್ತ ಹಾಕಿದ ಹೊಲಗಳು ಅಲ್ಲಲ್ಲಿ ಸವಳು ಜವಳಾಗಿ ಉಪ್ಪು ಕಾರುತ್ತಿವೆ. ಮೇಲ್ಭಾಗದಲ್ಲಿ ನೀರು ನಿಲ್ಲಿಸಿ ಭತ್ತ ಬೆಳೆದರೆ ಕಾಲುವೆಯ ಕೊನೆಯ ರಾಯಚೂರು ಸೀಮೆಯ ರೈತರು ನೀರಿಗಾಗಿ ರಸ್ತೆಗೆ ಇಳಿಯಬೇಕಾಗುತ್ತದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರು 'ಗಂಗಾವತಿ ಸೋನಾ' ಎಂಬ ತಳಿಯನ್ನೇ ಕೊಟ್ಟಿದ್ದಾರೆ, ಸವಳು ಭೂಮಿಯ ಮೇಲೂ ಕೆಲಸ ಮಾಡುತ್ತಿದ್ದಾರೆ. ಆದರೆ ಯಾವ ತಳಿ ಬಂದರೂ ನದಿಯ ನೀರು ಹೆಚ್ಚಾಗುವುದಿಲ್ಲ.

2024ರ ಆಗಸ್ಟ್ 10ರ ರಾತ್ರಿ ಇದು ಎಲ್ಲರಿಗೂ ಅರಿವಾಯಿತು. ತುಂಗಭದ್ರೆಯ 33 ಗೇಟುಗಳಲ್ಲಿ 19ನೆಯದು ಸರಪಳಿ ಕಡಿದು ಕೊಚ್ಚಿಹೋಯಿತು. ತುಂಬಿದ ಅಣೆಕಟ್ಟು, ಆಗಷ್ಟೇ ನಾಟಿಯಾದ ಗದ್ದೆಗಳು. ಹರಿದುಹೋಗುವ ನೀರನ್ನು ನೋಡುತ್ತ ಜನ ನಿದ್ದೆಗೆಟ್ಟರು. ವಾರದೊಳಗೆ ತಜ್ಞರೂ ಕಾರ್ಮಿಕರೂ ಹರಿವ ನೀರಿನಲ್ಲೇ ಜೀವ ಒತ್ತೆಯಿಟ್ಟು ತಾತ್ಕಾಲಿಕ ಗೇಟು ಇಳಿಸಿ ನೀರು ಉಳಿಸಿದರು. ಆ ವಾರ ಒಂದೇ ಒಂದು ಸರಪಳಿಗೆ ನಮ್ಮೆಲ್ಲರ ತಾಟು ಜೋತುಬಿದ್ದಿತ್ತು.

ಹಾಗಾದರೆ ಯಾವುದು ನಮ್ಮ ಊಟ? ಕೊಪ್ಪಳದ ಗವಿಮಠದ ಜಾತ್ರೆಯನ್ನು ನೋಡಿದವರಿಗೆ ಈ ಪ್ರಶ್ನೆ ಅಷ್ಟು ಕಠಿಣವಲ್ಲ. ಜನವರಿಯಲ್ಲಿ ಹಳ್ಳಿಹಳ್ಳಿಯಿಂದ ಖಡಕ್ ರೊಟ್ಟಿಯ ಗಂಟುಗಳು ಟ್ರ್ಯಾಕ್ಟರುಗಳಲ್ಲಿ ಬರುತ್ತವೆ, ಲಕ್ಷ ಲಕ್ಷ ರೊಟ್ಟಿ. ಎಲ್ಲವೂ ಯಾವುದೋ ಓಣಿಯ ಹೆಣ್ಣುಮಕ್ಕಳು ಕೂಡಿ ಕುಳಿತು, ಹಾಡಿಕೊಂಡು ಬಡಿದವು. ಕಾಲುವೆ ಸೀಮೆಯಿಂದ ಅಕ್ಕಿ ಚೀಲಗಳು ಬರುತ್ತವೆ. ದಾಸೋಹದಲ್ಲಿ ರೊಟ್ಟಿ, ಮಾದಲಿ, ಪಲ್ಯ, ಆಮೇಲೆ ಅನ್ನ ಸಾರು. ಒಣ ಸೀಮೆಯೂ ನೀರಿನ ಸೀಮೆಯೂ ಒಂದೇ ತಾಟಿನಲ್ಲಿ ಕೂಡುತ್ತವೆ, ಖಾನಾವಳಿಯಲ್ಲಿ ದಿನವೂ ಕೂಡುವ ಹಾಗೆ. ಯಾವುದು ದೇಸಿ, ಯಾವುದು ಹೊರಗಿನದು ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಕೇಳಿದರೆ ಆಫ್ರಿಕದ ಜೋಳಕ್ಕೂ ತೈವಾನಿನ ಭತ್ತಕ್ಕೂ ಅಮೆರಿಕದ ಮೆಣಸಿನಕಾಯಿಗೂ ಉತ್ತರ ಒಂದೇ: ಬಂದವು, ಉಳಿದವು, ನಮ್ಮ ಹೆಂಗಸರ ಕೈಯಲ್ಲಿ ನಮ್ಮವಾದವು.

ನಾನು ಮಕ್ಕಳಿಗೆ ಕೇಳಿಸಬಯಸುವ ಪ್ರಶ್ನೆ ಬೇರೆ. ಈ ಅಗ್ಗದ ಊಟ ಯಾರ ಲೆಕ್ಕದಲ್ಲಿ ಅಗ್ಗವಾಯಿತು? ಗೆಣಸು ತಿಂದು ಅಕ್ಕಿ ಕಳಿಸಿದ ತೈಚುಂಗಿನ ರೈತ, ನಾಟಿಯ ಸಾಲಿನಲ್ಲಿ ಬೆನ್ನು ಬಗ್ಗಿಸಿದ ಕುಷ್ಟಗಿಯ ಹೆಣ್ಣುಮಗಳು, ನಸುಕಿನಲ್ಲಿ ಒಲೆ ಹಚ್ಚುವ ಖಾನಾವಳಿಯ ಒಡತಿ, ತಿಂಗಳಿಗೆ ಸಣ್ಣ ಗೌರವಧನಕ್ಕೆ ನೂರಾರು ಮಕ್ಕಳಿಗೆ ಬೇಯಿಸುವ ಬಿಸಿಯೂಟದ ಅಕ್ಕ, ಇವರೆಲ್ಲ ತಮ್ಮ ಪಾಲಿನಿಂದ ಒಂದಿಷ್ಟು ಬಿಟ್ಟುಕೊಟ್ಟದ್ದಕ್ಕೆ ಅದು ನೂರು ರೂಪಾಯಿಯೊಳಗೆ ನಮ್ಮ ಮುಂದೆ ಬಂದಿದೆ. ನಮ್ಮ ಹಿರಿಯರು ಉಣ್ಣುವ ಮೊದಲು ತಾಟಿಗೆ ಕೈಮುಗಿಯುತ್ತಿದ್ದರು. ಯಾರಿಗೆ ಮುಗಿಯುತ್ತಿದ್ದರೋ, ಆ ಪಟ್ಟಿಯಲ್ಲಿ ಇವರ ಹೆಸರನ್ನೂ ಸೇರಿಸಿಕೊಳ್ಳೋಣ. ನಾಟಿ ಕೂಲಿಯ ಮಾತು ಬಂದಾಗ, ಬಿಸಿಯೂಟದವರ ಗೌರವಧನದ ಮಾತು ಬಂದಾಗ, ಖಾನಾವಳಿಯಲ್ಲಿ ಹತ್ತು ರೂಪಾಯಿ ಹೆಚ್ಚಾಯಿತೆಂದು ಗೊಣಗುವ ಮಾತು ಬಂದಾಗ, ಆ ಕೈಮುಗಿದದ್ದು ನೆನಪಿದ್ದರೆ ಸಾಕು.